ಬೇಸಿಗೆಯ ದೂರ ಪ್ರಯಾಣ: ಬೆಕ್ಕು, ಪುಟ್ಟ ನಾಯಿ, ಮೊಲಗಳನ್ನು ಕಾರಿನಲ್ಲಿ ಕರೆದೊಯ್ಯುವ ಸಮಗ್ರ ಮಾರ್ಗದರ್ಶಿ

ಬೇಸಿಗೆ ರಜೆ ಶುರುವಾದೊಡನೆ ಬೆಂಗಳೂರಿನಿಂದ ಹೊಸಪೇಟೆ, ವಿಜಯಪುರ, ಕಲಬುರಗಿ ಕಡೆ ಹೊರಡುವ ಕಾರುಗಳಲ್ಲಿ ಈಗ ಬೆಕ್ಕು, ಪೊಮೆರೇನಿಯನ್, ಪಗ್, ಮೊಲ ಎಲ್ಲವೂ ಇರುತ್ತವೆ. ತೊಂದರೆ ಆಗುವುದು ಬಹುತೇಕ ಒಂದೇ ರೀತಿಯಲ್ಲಿ. ಮುಂದಿನ ಸೀಟಿನಲ್ಲಿ ಕೂತವರಿಗೆ ಎಸಿಯಿಂದ ಚಳಿ ಆಗುವಷ್ಟು ತಂಪು. ಹಿಂದೆ ಬ್ಯಾಗುಗಳ ನಡುವೆ ಇಟ್ಟ, ಪ್ರಾಣಿಯನ್ನು ಕೂರಿಸಿ ಒಯ್ಯುವ ಪೆಟ್ಟಿಗೆಯಾದ ಕ್ಯಾರಿಯರ್‌ನೊಳಗೆ ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿರುತ್ತದೆ.

ನಿಮ್ಮ ಮುಖಕ್ಕೆ ಬೀಸುವ ಗಾಳಿಯೇ ಬೇರೆ, ಕ್ಯಾರಿಯರ್‌ನೊಳಗಿನ ಗಾಳಿಯೇ ಬೇರೆ. ಕ್ಯಾರಿಯರ್‌ನಲ್ಲಿ ಪ್ರಾಣಿಯ ಮೈ ಬಿಸಿ, ಉಸಿರಿನ ತೇವ ಎರಡೂ ಸೇರಿಕೊಳ್ಳುತ್ತವೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಪಾದದಡಿ ಮಾತ್ರ ಒಂದಿಷ್ಟು ಬೆವರುತ್ತದೆ. ಅದು ಮುಖ್ಯವಾಗಿ ನಾಲಿಗೆ ಚಾಚಿ ತೇಕಿ, ಬಾಯಿ ಮತ್ತು ಉಸಿರಿನ ದಾರಿಯ ತೇವ ಆವಿಯಾದಾಗ ತಂಪಾಗುತ್ತದೆ. ಸುತ್ತಲಿನ ಗಾಳಿಯೇ ತೇವವಾಗಿದ್ದರೆ ಎಷ್ಟು ತೇಕಿದರೂ ಹೆಚ್ಚು ಪ್ರಯೋಜನವಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಮತ್ತೆ ಮತ್ತೆ ಬರುವ ಮಾತು ಒಂದೇ: ಪ್ರಾಣಿ ಇರುವ ಜಾಗದ ಬಿಸಿ ಎಷ್ಟು ಎಂದು ಅಳೆಯಿರಿ, ನಿಮ್ಮ ಮೈಗೆ ಅನಿಸಿದ್ದನ್ನು ನಂಬಬೇಡಿ.

ಹಂತಗಳನ್ನು ಇಲ್ಲಿರುವ ಕ್ರಮದಲ್ಲೇ ಮಾಡಿ. ಕ್ರಮ ತಪ್ಪಿದಾಗಲೇ ಹೆಚ್ಚಿನ ಅನಾಹುತಗಳು ಆಗುವುದು.

ಹಂತ 1: ಕರೆದೊಯ್ಯಬೇಕೋ ಬೇಡವೋ, ಮೊದಲು ತೀರ್ಮಾನಿಸಿ

ಎಲ್ಲ ಪ್ರಾಣಿಗಳೂ ಏಪ್ರಿಲ್-ಮೇ ತಿಂಗಳ ದಾರಿ ತಡೆಯುವುದಿಲ್ಲ. ಪಗ್, ಶಿಹ್ ತ್ಸು, ಫ್ರೆಂಚ್ ಬುಲ್‌ಡಾಗ್, ಪರ್ಷಿಯನ್ ಬೆಕ್ಕು ಇವುಗಳ ಮೂಗು ಚಪ್ಪಟೆ, ಉಸಿರಿನ ದಾರಿ ಇಕ್ಕಟ್ಟು. ತೇಕುವುದೇ ಅವಕ್ಕೆ ದೊಡ್ಡ ಶ್ರಮ, ಆ ಶ್ರಮದಿಂದ ಮೈ ಇನ್ನಷ್ಟು ಬಿಸಿಯಾಗುತ್ತದೆ. ಬೊಜ್ಜು ಬಂದವು, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವು, ಗರ್ಭ ಧರಿಸಿದವು, ತೀರಾ ಮುದಿಯಾದವು ಕೂಡ ಇದೇ ಸಾಲಿಗೆ ಸೇರುತ್ತವೆ. ಇಂಥವನ್ನು ನಂಬಿಕಸ್ಥರ ಬಳಿ ಬಿಟ್ಟು ಹೋಗುವುದೇ ವಾಸಿ. ಕರೆದೊಯ್ಯಲೇಬೇಕು ಎಂದಾದರೆ ಪಶುವೈದ್ಯರನ್ನು ಕೇಳದೆ ಹೊರಡಬೇಡಿ.

ಮೊಲ ಮತ್ತು ಗಿನಿ ಪಿಗ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮೊಲ ಬಿಸಿಯನ್ನು ಹೊರಹಾಕುವುದು ಮುಖ್ಯವಾಗಿ ಕಿವಿಗಳ ಮೂಲಕ. ಸುತ್ತಲಿನ ಬಿಸಿ 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕೆ ಕಷ್ಟ ಶುರುವಾಗುತ್ತದೆ. ನಮಗೆ ಹಿತ ಅನಿಸುವ ಕೋಣೆ ಕೂಡ ಮೊಲಕ್ಕೆ ಬಿಸಿ ಅನಿಸಬಹುದು.

ಪ್ರಯಾಣಕ್ಕೆ ಎರಡು ವಾರ ಮುಂಚೆ ವೈದ್ಯರಲ್ಲಿ ತೋರಿಸಿ. ನಾಯಿ, ಬೆಕ್ಕಿಗೆ ರೇಬಿಸ್ ಮತ್ತು ಉಳಿದ ಲಸಿಕೆಗಳು ಅವಧಿಯೊಳಗೆ ಇವೆಯೇ ನೋಡಿಸಿ. ರಕ್ತ ಹೀರುವ ಉಣ್ಣೆ ಹುಳಕ್ಕೆ ಔಷಧ ಹಾಕಿಸಿ, ಹೆದ್ದಾರಿ ಬದಿಯ ಹುಲ್ಲಿನಲ್ಲಿ ಉಣ್ಣೆಯ ಕಾಟ ಇರುತ್ತದೆ. ಲಸಿಕೆಗಳ ಸರಣಿ ಮುಗಿಯದ ನಾಯಿಮರಿಯನ್ನು ಧಾಬಾದ ಅಂಗಳದಲ್ಲಿ ಕೆಳಗಿಳಿಸಲೇಬಾರದು, ಬೀದಿ ನಾಯಿಗಳು ಓಡಾಡಿದ ನೆಲದಲ್ಲಿ ಮರಿಗಳಿಗೆ ಮಾರಕವಾದ ಪಾರ್ವೋ ವೈರಸ್ ತಿಂಗಳುಗಟ್ಟಲೆ ಉಳಿಯಬಲ್ಲದು.

ಕಾರಿನಲ್ಲಿ ವಾಂತಿ ಮಾಡುವ ಅಥವಾ ವಿಪರೀತ ಹೆದರುವ ಪ್ರಾಣಿಗೆ ಔಷಧ ಬೇಕೇ ಎಂದು ಈಗಲೇ ಕೇಳಿ. ಕೊಟ್ಟ ಔಷಧವನ್ನು ಮನೆಯಲ್ಲಿ ಒಂದು ಬಾರಿ ಕೊಟ್ಟು ಪರಿಣಾಮ ನೋಡಿದ ಮೇಲೆಯೇ ದಾರಿಯಲ್ಲಿ ಕೊಡಬೇಕು. ಯಾರೋ ಹೇಳಿದರೆಂದು ನಿದ್ದೆ ಮಾತ್ರೆ ಕೊಡಬೇಡಿ. ಕೆಲವು ಮಂಪರು ಔಷಧಗಳು ರಕ್ತದೊತ್ತಡ ಇಳಿಸಿ, ಮೈ ಬಿಸಿ ಹತೋಟಿಯಲ್ಲಿಡುವ ಶಕ್ತಿಯನ್ನೇ ಕುಗ್ಗಿಸುತ್ತವೆ. ಮಂಪರಿನಲ್ಲಿರುವ ಪ್ರಾಣಿ ತನಗೆ ಸೆಕೆ ಆಗುತ್ತಿದೆ ಎಂದು ತೋರಿಸಿಕೊಳ್ಳುವುದೂ ಇಲ್ಲ.

ಹಂತ 2: ಹತ್ತು ದಿನ ಮುಂಚೆ ಕ್ಯಾರಿಯರ್ ರೂಢಿ ಮಾಡಿಸಿ

ಹೆದರಿದ ಪ್ರಾಣಿ ಬೇಗ ಬಿಸಿಯಾಗುತ್ತದೆ. ಉಸಿರು, ಎದೆಬಡಿತ, ಚಡಪಡಿಕೆ ಎಲ್ಲವೂ ಮೈಯೊಳಗೆ ಶಾಖ ಕೂಡಿಸುತ್ತವೆ. ಹಾಗಾಗಿ ಕ್ಯಾರಿಯರ್ ಅಭ್ಯಾಸ ಮಾಡಿಸುವುದು ಶಿಸ್ತಿನ ವಿಷಯವಷ್ಟೇ ಅಲ್ಲ, ತಂಪಾಗಿಡುವ ಕೆಲಸದ ಮೊದಲ ಭಾಗ.

ಪ್ರಾಣಿ ಒಳಗೆ ನೆಟ್ಟಗೆ ನಿಂತು, ಸುತ್ತ ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗ ಇರಬೇಕು. ಕನಿಷ್ಠ ಮೂರು ಬದಿಗಳಲ್ಲಿ ಗಾಳಿ ಆಡಬೇಕು. ಬೆನ್ನಿಗೆ ಹಾಕಿಕೊಳ್ಳುವ, ಗುಂಡಗಿನ ಪ್ಲಾಸ್ಟಿಕ್ ಕಿಟಕಿ ಇರುವ ಬ್ಯಾಗುಗಳು ನೋಡಲು ಚೆಂದ, ಆದರೆ ಬೇಸಿಗೆಗೆ ಸಲ್ಲ. ಆ ಪ್ಲಾಸ್ಟಿಕ್ ಬಿಸಿಲನ್ನು ಒಳಬಿಟ್ಟು ಗಾಳಿಯನ್ನು ತಡೆಯುತ್ತದೆ. ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ ಮೊಲ ಇಡುವುದೂ ತಪ್ಪು. ಗಟ್ಟಿ ಪ್ಲಾಸ್ಟಿಕ್‌ನ, ಮುಂದೆ ತಂತಿ ಬಾಗಿಲು ಇರುವ, ಮೇಲ್ಭಾಗ ಕಳಚಬಹುದಾದ ಕ್ಯಾರಿಯರ್ ಎಲ್ಲಕ್ಕಿಂತ ಒಳ್ಳೆಯದು. ಪ್ರಾಣಿ ಕುಸಿದು ಬಿದ್ದರೆ ಮುಚ್ಚಳ ತೆಗೆದು ತಕ್ಷಣ ಎತ್ತಿಕೊಳ್ಳಬಹುದು.

ಮೊದಲ ಮೂರು ದಿನ ಬಾಗಿಲು ತೆರೆದಿಟ್ಟು ಒಳಗೆ ಊಟ ಕೊಡಿ. ಮುಂದಿನ ಮೂರು ದಿನ ಬಾಗಿಲು ಹಾಕಿ ಐದು ನಿಮಿಷದಿಂದ ಅರ್ಧ ಗಂಟೆಯವರೆಗೆ ಹೆಚ್ಚಿಸುತ್ತ ಹೋಗಿ. ಆಮೇಲೆ ನಿಂತ ಕಾರಿನಲ್ಲಿ ನೀವೂ ಕೂತು ಎಸಿ ಹಾಕಿಕೊಂಡು ಹತ್ತು ನಿಮಿಷ. ಕೊನೆಗೆ ಬೆಳಗಿನ ತಂಪಿನಲ್ಲಿ ನಾಲ್ಕೈದು ಕಿಲೋಮೀಟರ್ ಸುತ್ತು. ಜೊಲ್ಲು ಸುರಿಸುವುದು, ವಾಂತಿ, ನಿಲ್ಲದ ಕೂಗು ಕಂಡರೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ.

ಪೊಮೆರೇನಿಯನ್‌ನಂಥ ದಟ್ಟ ಕೂದಲಿನ ನಾಯಿಗೆ ಸೆಕೆ ಎಂದು ಪೂರ್ತಿ ಬೋಳಿಸುವವರಿದ್ದಾರೆ. ಬೇಡ. ಮೇಲಿನ ಕೂದಲು ಬಿಸಿಲನ್ನು ತಡೆಯುತ್ತದೆ, ಚರ್ಮ ಸುಡದಂತೆ ಕಾಯುತ್ತದೆ. ಗಂಟುಕಟ್ಟಿದ ಒಳಗೂದಲನ್ನು ಬಾಚಿ ತೆಗೆದರೆ ಸಾಕು.

ಹಂತ 3: ದಾರಿಯನ್ನು ಗಡಿಯಾರ ನೋಡಿ ಗೊತ್ತುಮಾಡಿ

ಬಹಳ ಜನ ಕಿಲೋಮೀಟರ್ ಲೆಕ್ಕ ಹಾಕುತ್ತಾರೆ. ಹಾಕಬೇಕಾದ್ದು ಗಂಟೆಯ ಲೆಕ್ಕ. ಮಧ್ಯಾಹ್ನ 12ರಿಂದ 4ರವರೆಗೆ ಕಾರು ರಸ್ತೆಯ ಮೇಲೆ ಇರಬಾರದು, ಇದನ್ನು ಮುರಿಯಬಾರದ ನಿಯಮ ಮಾಡಿಕೊಳ್ಳಿ.

ಬೆಂಗಳೂರಿನಿಂದ ವಿಜಯಪುರಕ್ಕೆ ಹೋಗುವವರು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತುಮಕೂರು, ಸಿರಾ, ಹಿರಿಯೂರು ದಾಟಿ ಚಿತ್ರದುರ್ಗ ತಲುಪಿ, ಅಲ್ಲಿಂದ ಹೆದ್ದಾರಿ 50ರಲ್ಲಿ ಕೂಡ್ಲಿಗಿ, ಹೊಸಪೇಟೆ, ಕುಷ್ಟಗಿ, ಇಳಕಲ್ ಮಾರ್ಗವಾಗಿ ಸಾಗುತ್ತಾರೆ. ಒಟ್ಟು ಸುಮಾರು 530 ಕಿಲೋಮೀಟರ್. ಬೆಳಗಿನ 4ಕ್ಕೆ ಊರು ಬಿಟ್ಟರೆ ಏಳೂವರೆ, ಎಂಟರ ಹೊತ್ತಿಗೆ ಚಿತ್ರದುರ್ಗ, ವಿರಾಮಗಳೂ ಸೇರಿ ಹನ್ನೊಂದರೊಳಗೆ ಹೊಸಪೇಟೆ. ಅಲ್ಲಿ ಪ್ರಾಣಿಗಳನ್ನು ಬಿಡುವ ಎಸಿ ಕೋಣೆಯನ್ನು ಮೊದಲೇ ಫೋನ್ ಮಾಡಿ ಹಿಡಿದಿಡಿ. ಸಂಜೆ 4ರ ಮೇಲೆ ಉಳಿದ ದಾರಿ ಮುಗಿಸಿ, ಅಥವಾ ರಾತ್ರಿ ಅಲ್ಲೇ ಉಳಿದು ಮಾರನೆಯ ಬೆಳಿಗ್ಗೆ ಹೊರಡಿ. ಕೋಣೆಯ ಬಾಡಿಗೆ ದಂಡ ಅನಿಸುತ್ತದೆ, ನಿಜ. ಆದರೆ ಇಡೀ ಪ್ರಯಾಣದಲ್ಲಿ ಖರ್ಚಿಗೆ ತಕ್ಕ ಫಲ ಕೊಡುವುದು ಅದೇ. ರಾತ್ರಿಯಿಡೀ ಓಡಿಸುವ ಯೋಚನೆಯನ್ನು ನಾವು ಒಪ್ಪುವುದಿಲ್ಲ. ಪ್ರಾಣಿಗೆ ತಂಪಾದರೂ ಓಡಿಸುವವರಿಗೆ ತೂಕಡಿಕೆ.

ಕರಾವಳಿಗೆ ಇಳಿಯುವವರು ಒಣ ಬಯಲುಸೀಮೆಯ ಲೆಕ್ಕ ಅಲ್ಲಿಗೆ ಹಾಕಬಾರದು. ಮಂಗಳೂರು, ಉಡುಪಿಯ ತೇವದ ಗಾಳಿಯಲ್ಲಿ 32 ಡಿಗ್ರಿಯೂ ತೇಕುವ ನಾಯಿಗೆ ಭಾರವೇ. ಜೊತೆಗೆ ಘಾಟಿಯ ತಿರುವುಗಳಲ್ಲಿ ವಾಂತಿ.

ದಾರಿಯ ಪ್ರತಿ ನೂರು ಕಿಲೋಮೀಟರಿಗೆ ಒಬ್ಬ ಪಶುವೈದ್ಯರ ಫೋನ್ ನಂಬರ್ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನಾಯಿ-ಬೆಕ್ಕು ನೋಡುತ್ತಾರೆಯೇ, ಭಾನುವಾರ ಇರುತ್ತಾರೆಯೇ ಎಂದು ಹಿಂದಿನ ದಿನವೇ ಕೇಳಿ. ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇರುತ್ತದೆ. ಗದಗ ಮತ್ತು ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ 1962, ಮುಖ್ಯವಾಗಿ ದನಕರುಗಳಿಗಾಗಿ ಇರುವ ಸೇವೆಯಾದರೂ ಹತ್ತಿರದ ವೈದ್ಯರ ಬಗ್ಗೆ ವಿಚಾರಿಸಬಹುದು. ಹೆದ್ದಾರಿಯಲ್ಲಿ ಕಾರು ಕೆಟ್ಟರೆ 1033.

ಹಂತ 4: ಸಾಮಾನು

ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದ್ದು ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ, ಒಂದು ಮೀಟರ್ ವೈರ್ ಇರುವ ಪುಟ್ಟ ಡಿಜಿಟಲ್ ಥರ್ಮಾಮೀಟರ್. ವೈರಿನ ತುದಿಯನ್ನು ಕ್ಯಾರಿಯರ್‌ನ ಜಾಲರಿಗೆ, ಪ್ರಾಣಿಯ ಎದೆಯ ಮಟ್ಟಕ್ಕೆ, ಹಲ್ಲಿಗೆ ಸಿಗದಂತೆ ಹೊರಗಡೆಯಿಂದ ಕಟ್ಟಿ. ಅಂಕಿ ಕಾಣುವ ಭಾಗವನ್ನು ಮುಂದಿನ ಸೀಟಿನ ಬೆನ್ನಿಗೆ ಅಂಟಿಸಿ. ಹೊರಡುವ ಮೊದಲು ಮನೆಯ ಇನ್ನೊಂದು ಥರ್ಮಾಮೀಟರ್ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ, ಅಗ್ಗದ ಉಪಕರಣಗಳಲ್ಲಿ ಒಂದೆರಡು ಡಿಗ್ರಿ ವ್ಯತ್ಯಾಸ ಇರಬಹುದು.

ಉಳಿದವು:

– ಮೈ ಬಿಸಿ ನೋಡಲು ಮೃದು ತುದಿಯ ಡಿಜಿಟಲ್ ಥರ್ಮಾಮೀಟರ್, ವ್ಯಾಸಲೀನ್
– ಕುಡಿಯಲು ಮನೆಯ ನೀರು 2 ಲೀಟರ್, ಮೈಗೆ ಸುರಿಯಲು ಬೇರೆ 5 ಲೀಟರ್ ಕ್ಯಾನ್
– ಹೆಪ್ಪುಗಟ್ಟಿಸಿದ 1 ಲೀಟರ್ ನೀರಿನ ಬಾಟಲಿ ನಾಲ್ಕು, ಥರ್ಮಾಕೋಲ್ ಡಬ್ಬಿಯಲ್ಲಿ
– ಬ್ಯಾಟರಿಯ ಸಣ್ಣ ಫ್ಯಾನ್, ನೀರು ಚಿಮುಕಿಸುವ ಬಾಟಲಿ, ತೆಳು ಹತ್ತಿ ಟವೆಲ್ ನಾಲ್ಕು
– ಕಿಟಕಿಗೆ ಸನ್ ಶೇಡ್, ದೊಡ್ಡ ಕೊಡೆ
– ಹಾರ್ನೆಸ್ (ಎದೆಪಟ್ಟಿ), ಲೀಶ್ (ಹಿಡಿದುಕೊಳ್ಳುವ ಹಗ್ಗ), ಫೋನ್ ನಂಬರ್ ಬರೆದ ಪಟ್ಟಿ, ಲಸಿಕೆ ಪುಸ್ತಕ
– ಬೆಕ್ಕಿಗೆ ಮನೆಯ ಲಿಟರ್ (ಮಲಮೂತ್ರಕ್ಕೆ ಹಾಕುವ ಮರಳಿನಂಥ ಪುಡಿ) ಸ್ವಲ್ಪ ಬೆರೆಸಿದ ಸಣ್ಣ ಟ್ರೇ

ಜೆಲ್ ತುಂಬಿದ ಕೂಲಿಂಗ್ ಮ್ಯಾಟ್ ನಾಯಿಗೆ ಸರಿ. ಕಡಿಯುವ ಮರಿಗೆ, ಮೊಲಕ್ಕೆ ಬೇಡ. ಬಾಯಿ ಬಿಗಿದು ಮುಚ್ಚುವ ಬಟ್ಟೆಯ ಮೂತಿಪಟ್ಟಿಯನ್ನು ಬೇಸಿಗೆಯಲ್ಲಿ ಹಾಕಲೇಬಾರದು, ನಾಯಿಗೆ ತೇಕಲು ಆಗುವುದಿಲ್ಲ.

ಹಂತ 5: ಹಿಂದಿನ ರಾತ್ರಿಯ ಊಟ, ನೀರು

ನಾಯಿ ಮತ್ತು ಬೆಕ್ಕಿಗೆ ಹೊರಡುವ 4ರಿಂದ 6 ಗಂಟೆ ಮೊದಲು ಹಗುರ ಊಟ ಮುಗಿದಿರಲಿ. ಬೆಳಗಿನ 4ಕ್ಕೆ ಹೊರಡುವುದಾದರೆ ರಾತ್ರಿ 10ರ ಊಟವೇ ಕೊನೆ. ನೀರನ್ನು ಮಾತ್ರ ಹೊರಡುವ ಗಳಿಗೆಯವರೆಗೂ ಇಟ್ಟಿರಿ. ವಾಂತಿ ಆಗುತ್ತದೆಂದು ನೀರು ನಿಲ್ಲಿಸುವುದು ತೀರಾ ಸಾಮಾನ್ಯ ತಪ್ಪು, ಅಪಾಯಕಾರಿಯೂ ಹೌದು. ಚಿಹುವಾಹುವಾದಂಥ ಪುಟಾಣಿ ತಳಿ ಹಾಗೂ ನಾಲ್ಕು ತಿಂಗಳೊಳಗಿನ ಮರಿಗಳು ಹಸಿದಿದ್ದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಅವಕ್ಕೆ ದಾರಿಯಲ್ಲಿ ಎರಡು-ಮೂರು ಗಂಟೆಗೊಮ್ಮೆ ಒಂದೊಂದು ಚಮಚ ಆಹಾರ ಕೊಡಿ.

ಮೊಲ, ಗಿನಿ ಪಿಗ್‌ಗಳ ನಿಯಮ ತದ್ವಿರುದ್ಧ: ಉಪವಾಸ ಹಾಕಲೇಬೇಡಿ. ಮೊಲಕ್ಕೆ ವಾಂತಿ ಆಗುವುದೇ ಇಲ್ಲ, ಹೊಟ್ಟೆ ಖಾಲಿ ಬಿಟ್ಟರೆ ಕರುಳಿನ ಚಲನೆ ನಿಂತುಬಿಡುತ್ತದೆ. ಕ್ಯಾರಿಯರ್‌ನಲ್ಲಿ ಒಣಹುಲ್ಲು ಸದಾ ಇರಲಿ. ತೊಳೆದ ನೀರು ಹಾಗೇ ಇರುವ ಕೊತ್ತಂಬರಿ ಸೊಪ್ಪು, ಒಂದು ಬಿಲ್ಲೆ ಸೌತೆಕಾಯಿ ಇಟ್ಟರೆ ನೀರೂ ಒಳಗೆ ಹೋಗುತ್ತದೆ.

ಮೊಸರನ್ನ ತಿಂದು ಬೆಳೆದ ನಾಯಿಗೆ ಅದನ್ನೇ ಡಬ್ಬಿ ಕಟ್ಟಿಕೊಂಡು ಹೋಗಬೇಡಿ, ಹನ್ನೊಂದು ಗಂಟೆಗೆ ಹುಳಿ ಬಂದಿರುತ್ತದೆ. ಒಂದು ವಾರ ಮುಂಚಿನಿಂದಲೇ ಡ್ರೈ ಫುಡ್ ಸ್ವಲ್ಪ ಸ್ವಲ್ಪ ರೂಢಿ ಮಾಡಿಸಿ. ದಾರಿಯಲ್ಲಿ ಬಿಸ್ಕತ್ತು, ಹಾಲು, ಧಾಬಾದ ಈರುಳ್ಳಿ ಬೆರೆತ ಪಲ್ಯ, ದ್ರಾಕ್ಷಿ ಯಾವುದೂ ಬೇಡ. ಈರುಳ್ಳಿ ನಾಯಿ, ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತದೆ. ದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸಬಲ್ಲದು.

ಹಂತ 6: ಮೊದಲು ಕಾರು ತಂಪಾಗಲಿ, ಆಮೇಲೆ ಪ್ರಾಣಿ

ಹೊರಡುವ ಮುಂಚೆ ಹತ್ತು ನಿಮಿಷ ಎಸಿ ಓಡಿಸಿ. ಬಿಸಿಲಲ್ಲಿ ನಿಂತಿದ್ದ ಕಾರಾದರೆ ನಾಲ್ಕೂ ಬಾಗಿಲು ತೆರೆದು ಬಿಸಿ ಗಾಳಿ ಹೊರಹೋಗಲು ಬಿಟ್ಟು, ಆಮೇಲೆ ಕಿಟಕಿ ಏರಿಸಿ, ಗಾಳಿ ಒಳಗೇ ಸುತ್ತುವ ಗುಂಡಿ ಒತ್ತಿ. ಸಾಮಾನು ಮೊದಲು ತುಂಬಿ, ಜನ ಹತ್ತಿ, ಕೊನೆಗೆ ಪ್ರಾಣಿ. ಸಾಮಾನ್ಯವಾಗಿ ಆಗುವುದು ಇದಕ್ಕೆ ಉಲ್ಟಾ: ಬೆಕ್ಕನ್ನು ಹಿಡಿದು ಕ್ಯಾರಿಯರ್‌ಗೆ ಹಾಕಿ ಕಾರಿನಲ್ಲಿಟ್ಟು, ಬಳಿಕ ಅರ್ಧ ಗಂಟೆ ಬ್ಯಾಗು ಕಟ್ಟುತ್ತಾರೆ.

ಕ್ಯಾರಿಯರ್ ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿ ಅಲುಗದಂತೆ ಇರಬೇಕು. ತುಂಬ ಸಣ್ಣದಾದರೆ ಮುಂದಿನ ಸೀಟಿನ ಹಿಂದೆ ನೆಲದಲ್ಲಿ ಬಿಗಿಯಾಗಿ ಕೂರುತ್ತದೆ, ಅಪಘಾತವಾದರೂ ಅದು ಭದ್ರ ಜಾಗವೇ. ಆದರೆ ಅಲ್ಲಿ ಎಸಿ ಗಾಳಿ ತಲುಪುತ್ತದೆಯೇ ಎಂದು ಥರ್ಮಾಮೀಟರ್ ಹೇಳಬೇಕು. ಮುಂದಿನ ಸೀಟು ಬೇಡ, ಏರ್‌ಬ್ಯಾಗ್ ಬಿಚ್ಚಿಕೊಂಡರೆ ಪುಟ್ಟ ಜೀವ ಉಳಿಯುವುದಿಲ್ಲ. ಸೆಡಾನ್ ಕಾರಿನ ಡಿಕ್ಕಿಯಂತೂ ಖಂಡಿತ ಕೂಡದು. ಓಡಿಸುವವರ ತೊಡೆಯ ಮೇಲೆ ನಾಯಿ ಕೂರಿಸಿಕೊಳ್ಳುವ ಅಭ್ಯಾಸವನ್ನೂ ಬಿಡಿ.

ಬಿಸಿಲು ಯಾವ ಬದಿಗೆ ಬೀಳುತ್ತದೆಂದು ನೋಡಿ ಜಾಗ ಆರಿಸಿ. ಬೆಂಗಳೂರಿನಿಂದ ಉತ್ತರಕ್ಕೆ ಹೋಗುವಾಗ ಬೆಳಗಿನ ಬಿಸಿಲು ಬಲಗಡೆಯಿಂದ, ಅಂದರೆ ಡ್ರೈವರ್ ಬದಿಯಿಂದ ಬರುತ್ತದೆ. ಕ್ಯಾರಿಯರ್ ಎಡಗಡೆ ಇರಲಿ. ಸಂಜೆ ಎಡಕ್ಕೆ ಬಿಸಿಲು, ಕ್ಯಾರಿಯರ್ ಬಲಕ್ಕೆ. ವಾಪಸ್ ಬರುವಾಗ ಎಲ್ಲ ಅದಲುಬದಲು. ಏಪ್ರಿಲ್ ಕೊನೆ, ಮೇ ಮೊದಲ ದಿನಗಳಲ್ಲಿ ಈ ಭಾಗದಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೇ ಇರುವುದರಿಂದ ಕಾರಿನ ಮಾಡು ಕಾದು ಒಳಗೆಲ್ಲ ಬಿಸಿಯಾಗುತ್ತದೆ, ಆಗ ಯಾವ ಬದಿಯೂ ಸುರಕ್ಷಿತವಲ್ಲ.

ಹೆಪ್ಪುಗಟ್ಟಿದ ಬಾಟಲಿಯೊಂದನ್ನು ಟವೆಲ್‌ನಲ್ಲಿ ಸುತ್ತಿ ಕ್ಯಾರಿಯರ್‌ನ ಒಂದು ಬದಿಗೆ ಮಾತ್ರ ಇಡಿ. ಬೇಕೆಂದಾಗ ಒರಗಲು, ಬೇಡವೆಂದಾಗ ಸರಿಯಲು ಜಾಗ ಇರಬೇಕು. ಬೆಕ್ಕು ಹೆದರುತ್ತದೆಂದು ಕ್ಯಾರಿಯರ್ ಮೇಲೆ ದಪ್ಪ ಬೆಡ್‌ಶೀಟ್ ಹೊದಿಸುವುದು ಬಹಳ ಕಂಡುಬರುವ ತಪ್ಪು. ತೆಳು ಹತ್ತಿ ಬಟ್ಟೆ, ಎರಡು ಬದಿಗೆ ಮಾತ್ರ.

ಹಂತ 7: ಓಡುತ್ತಿರುವಾಗ

ಕ್ಯಾರಿಯರ್‌ನೊಳಗಿನ ಬಿಸಿ ನಾಯಿ, ಬೆಕ್ಕಿಗೆ 22ರಿಂದ 26 ಡಿಗ್ರಿ, ಮೊಲ ಮತ್ತು ಗಿನಿ ಪಿಗ್‌ಗೆ 20ರಿಂದ 24 ಡಿಗ್ರಿ ಇರಲಿ. ನಾಯಿ-ಬೆಕ್ಕಿಗೆ 29, ಮೊಲಕ್ಕೆ 26 ತೋರಿಸಿದರೆ ಕಾರು ನಿಲ್ಲಿಸಿ ಸರಿಪಡಿಸಿ: ಅಡ್ಡ ಬಂದ ಬ್ಯಾಗು ಸರಿಸಿ, ಬಾಟಲಿ ಬದಲಿಸಿ, ಮುಂದಿನ ಎಸಿ ಕಿಂಡಿಗಳನ್ನು ಹಿಂದಕ್ಕೆ ಮೇಲ್ಮುಖವಾಗಿ ತಿರುಗಿಸಿ. ಗಾಳಿ ನೇರವಾಗಿ ಪ್ರಾಣಿಯ ಮುಖಕ್ಕೆ ಬೀಸಬಾರದು.

ಇಪ್ಪತ್ತು ನಿಮಿಷಕ್ಕೊಮ್ಮೆ ಹಿಂದೆ ಕೂತವರು ಪ್ರಾಣಿಯನ್ನು ನೋಡಿ ಬಾಯಿಬಿಟ್ಟು ಹೇಳಲಿ: ಅಂಕಿ ಎಷ್ಟು, ಉಸಿರು ಹೇಗಿದೆ. ಸುಮ್ಮನೆ ಮಲಗಿದೆ ಎಂದರೆ ಚೆನ್ನಾಗಿದೆ ಎಂದಲ್ಲ. ಹೆಸರು ಕರೆದಾಗ ಕಿವಿ ಆಡಿಸಿತೇ, ಕಣ್ಣು ತಿರುಗಿಸಿತೇ ನೋಡಬೇಕು.

ಹಕ್ಕಿಗಳಿಗೆ ಬೇರೆ ಎಚ್ಚರಿಕೆ. ಬಜ್ರಿಗರ್, ಲವ್‌ಬರ್ಡ್ ಪಂಜರದಿಂದ ತೂಗುವ ಆಟಿಕೆ ತೆಗೆದು, ಕೂರುವ ಕಡ್ಡಿ ತಳಕ್ಕೆ ಹತ್ತಿರ ಕಟ್ಟಿ. ನೀರಿನ ಬಟ್ಟಲು ಚೆಲ್ಲುವುದರಿಂದ ಓಡುವಾಗ ಸೌತೆಕಾಯಿ ತುಂಡು, ನಿಂತಾಗ ನೀರು. ರೆಕ್ಕೆ ಮೈಯಿಂದ ದೂರ ಹಿಡಿದು ಕೊಕ್ಕು ತೆರೆದಿದ್ದರೆ ಸೆಕೆ ಆಗಿದೆ ಎಂದೇ ಅರ್ಥ. ನಮ್ಮ ನಾಡಿನ ಗಿಳಿಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಎಂಬುದೂ ನೆನಪಿರಲಿ.

ಹಂತ 8: ನಿಲ್ಲಿಸುವ ಕ್ರಮ

ನಾಯಿಗೆ ಒಂದೂವರೆಯಿಂದ ಎರಡು ಗಂಟೆಗೊಮ್ಮೆ ಹತ್ತು-ಹದಿನೈದು ನಿಮಿಷ. ಐದು ಕೆಜಿ ತೂಕದ ನಾಯಿಗೆ ಸಾಮಾನ್ಯ ದಿನದಲ್ಲಿ 250ರಿಂದ 300 ಮಿಲಿ ನೀರು ಬೇಕು, ತೇಕುವ ದಿನ ಅದಕ್ಕಿಂತ ಹೆಚ್ಚು. ಒಂದೇ ಸಲ ಬಟ್ಟಲು ತುಂಬ ಕುಡಿಸದೆ, ಪ್ರತಿ ನಿಲುಗಡೆಯಲ್ಲಿ 30-50 ಮಿಲಿ ಕೊಡಿ. ಎಳನೀರು, ಮಜ್ಜಿಗೆ, ಗ್ಲೂಕೋಸ್ ಪುಡಿ ಬೇಡ, ಸಾದಾ ನೀರು ಸಾಕು.

ಇಳಿಸುವ ಮೊದಲು ನಿಮ್ಮ ಅಂಗೈಯ ಹಿಂಭಾಗವನ್ನು ನೆಲಕ್ಕೆ ಏಳು ಸೆಕೆಂಡ್ ಒತ್ತಿ ಹಿಡಿಯಿರಿ. ತಡೆಯಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ. ಡಾಂಬರು, ಪೆಟ್ರೋಲ್ ಬಂಕಿನ ಕಾಂಕ್ರೀಟ್ ಬಿಟ್ಟು ಮರದ ನೆರಳಿನ ಮಣ್ಣು ಹುಡುಕಿ.

ಬಾಗಿಲು ತೆರೆಯುವ ಮುಂಚೆಯೇ ಹಾರ್ನೆಸ್‌ಗೆ ಲೀಶ್ ಸಿಕ್ಕಿಸಿ, ಲೀಶ್ ಕೈಗೆ ಸುತ್ತಿಕೊಂಡ ಮೇಲೆ ಬಾಗಿಲು. ಬೆಕ್ಕನ್ನು ಹೆದ್ದಾರಿ ಬದಿಯಲ್ಲಿ ಕ್ಯಾರಿಯರ್‌ನಿಂದ ಹೊರಗೆ ತೆಗೆಯಲೇಬೇಡಿ. ಲಿಟರ್ ಟ್ರೇ ತೋರಿಸಬೇಕಾದರೆ ಕಾರಿನ ಎಲ್ಲ ಬಾಗಿಲು, ಕಿಟಕಿ ಹಾಕಿ ಒಳಗೇ ತೋರಿಸಿ. ಬೆಕ್ಕು ಹತ್ತು-ಹನ್ನೆರಡು ಗಂಟೆ ಮೂತ್ರ ಕಟ್ಟಿಕೊಳ್ಳುವುದುಂಟು, ಗಾಬರಿ ಬೇಡ. ಗಂಡು ಬೆಕ್ಕು ಪದೇಪದೇ ಕೂತು ಒತ್ತುತ್ತಿದ್ದರೂ ಮೂತ್ರ ಬಾರದಿದ್ದರೆ ಮಾತ್ರ ಕಾಯಬಾರದು, ಅದು ತುರ್ತು ಸ್ಥಿತಿ.

ಇನ್ನು ನಿಂತ ಕಾರು. ಹೊರಗೆ 35 ಡಿಗ್ರಿ ಇದ್ದರೆ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಏರುತ್ತದೆ, ಒಂದು ಗಂಟೆಯಲ್ಲಿ ಇಪ್ಪತ್ತು ಡಿಗ್ರಿಯಷ್ಟು. ಕಿಟಕಿ ಎರಡು ಬೆರಳು ತೆರೆದಿಟ್ಟರೆ ಹೆಚ್ಚೇನೂ ವ್ಯತ್ಯಾಸವಾಗದು. ಎಂಜಿನ್ ಓಡಿಸಿ ಎಸಿ ಹಾಕಿಟ್ಟು ಎಲ್ಲರೂ ತಿಂಡಿಗೆ ಹೋಗುವುದೂ ಕೂಡದು, ಎಂಜಿನ್ ನಿಂತರೆ ನಿಮಗೆ ಗೊತ್ತಾಗುವುದಿಲ್ಲ. ಇಬ್ಬರಿದ್ದರೆ ಸರದಿಯಲ್ಲಿ ಇಳಿಯಿರಿ. ಒಬ್ಬರೇ ಇದ್ದರೆ ಕ್ಯಾರಿಯರ್ ಕೈಯಲ್ಲೇ ಬರಬೇಕು, ಶೌಚಾಲಯಕ್ಕೂ.

ಹಂತ 9: ಅಪಾಯದ ಗುರುತುಗಳು

ನಾಯಿಯ ಸಹಜ ಮೈ ಬಿಸಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, ಬೆಕ್ಕಿನದು 38.1ರಿಂದ 39.2, ಮೊಲದ್ದು 38.5ರಿಂದ 40. ಮುಟ್ಟಿ ನೋಡಿ ಜ್ವರ ಎಂದು ಹೆದರಬೇಡಿ, ಅವು ನಮಗಿಂತ ಬೆಚ್ಚಗೇ ಇರುತ್ತವೆ. 40.5 ದಾಟಿದರೆ ಹೀಟ್ ಸ್ಟ್ರೋಕ್ (ಮೈ ಬಿಸಿ ಹತೋಟಿ ತಪ್ಪುವ ತುರ್ತು ಸ್ಥಿತಿ) ಎಂದುಕೊಂಡೇ ಕೆಲಸ ಶುರು ಮಾಡಿ.

ನಾಯಿಯಲ್ಲಿ ಮೊದಲು ತೇಕುವ ಸದ್ದು ಬದಲಾಗುತ್ತದೆ, ಒರಟಾಗಿ ಗೊರಗೊರ ಎನ್ನುತ್ತದೆ. ನಾಲಿಗೆಯ ತುದಿ ಅಗಲವಾಗಿ ಮೇಲಕ್ಕೆ ಮಡಚುತ್ತದೆ. ಜೊಲ್ಲು ಅಂಟಂಟಾಗುತ್ತದೆ. ಒಸಡು ಕಡುಕೆಂಪಾಗುತ್ತದೆ, ಆಮೇಲೆ ಬಿಳಚಿಕೊಳ್ಳುತ್ತದೆ. ಒಸಡನ್ನು ಬೆರಳಿಂದ ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ತೂರಾಡುವುದು, ವಾಂತಿ, ರಕ್ತಭೇದಿ, ನಡುಕ ಕಂಡರೆ ಒಂದು ನಿಮಿಷವೂ ತಡಮಾಡುವಂತಿಲ್ಲ.

ಬೆಕ್ಕು ಬಾಯಿ ತೆರೆದು ತೇಕುವುದು ಸಹಜವಲ್ಲ. ಹೆದರಿಕೆಯಿಂದಲೂ ಆಗಬಹುದು, ಬಿಸಿಯಿಂದಲೂ ಆಗಬಹುದು. ಯಾವುದೆಂದು ಯೋಚಿಸುತ್ತ ಕೂರದೆ ಕಾರು ನಿಲ್ಲಿಸಿ ತಂಪು ಮಾಡಿ, ಐದು ನಿಮಿಷದಲ್ಲಿ ಬಾಯಿ ಮುಚ್ಚದಿದ್ದರೆ ವೈದ್ಯರಿಗೆ ಫೋನ್ ಮಾಡಿ.

ಮೊಲ ಮೌನವಾಗಿ ಸಾಯುವ ಪ್ರಾಣಿ. ಕೂಗುವುದಿಲ್ಲ. ಕಿವಿ ಕೆಂಪಾಗಿ ಬಿಸಿಯಾಗುವುದು, ಮೂಗಿನ ಹೊಳ್ಳೆ ಅಗಲಿಸಿ ತಲೆ ಹಿಂದಕ್ಕೆ ಎತ್ತಿ ಉಸಿರಾಡುವುದು, ಮೂಗು-ಬಾಯಿಯ ಸುತ್ತ ಒದ್ದೆ, ಅಡ್ಡಡ್ಡ ಮಲಗಿ ಏಳದಿರುವುದು, ಇಷ್ಟೇ ಗುರುತು.

ಹಂತ 10: ಹೀಟ್ ಸ್ಟ್ರೋಕ್ ಆದರೆ ಮೊದಲು ತಂಪು, ಆಮೇಲೆ ಆಸ್ಪತ್ರೆ

ಹತ್ತು ನಿಮಿಷ ಇಲ್ಲೇ ತಂಪು ಮಾಡಿ ಹೊರಡುವುದು, ಬಿಸಿ ಮೈಯಲ್ಲೇ ನಲವತ್ತು ಕಿಲೋಮೀಟರ್ ಓಡುವುದಕ್ಕಿಂತ ಮೇಲು.

1. ನೆರಳಿಗೆ ನಿಲ್ಲಿಸಿ, ಕ್ಯಾರಿಯರ್‌ನಿಂದ ಹೊರಗೆ ತೆಗೆಯಿರಿ. ಬೆಕ್ಕಾದರೆ ಬಾಗಿಲು ಮುಚ್ಚಿದ ಕಾರಿನೊಳಗೇ, ಎಸಿ ಪೂರ್ತಿ ಹಾಕಿ.

2. ನಾಯಿಗೆ ಕ್ಯಾನಿನ ನೀರನ್ನು ಮೈತುಂಬ ಸುರಿಯಿರಿ, ತಲೆಯನ್ನು ಮಾತ್ರ ಬಿಟ್ಟು. ಹೊಟ್ಟೆ, ಕಂಕುಳು, ತೊಡೆಸಂದುಗಳಲ್ಲಿ ಕೂದಲು ಬಿಡಿಸಿ ಚರ್ಮಕ್ಕೆ ನೀರು ತಾಗಬೇಕು. ಬೆಕ್ಕಿಗೂ ಇದೇ, ನಿಧಾನವಾಗಿ ಕೈಯಿಂದ. ಮೊಲವನ್ನು ನೀರಿನಲ್ಲಿ ಮುಳುಗಿಸಬೇಡಿ, ಕಿವಿ ಮತ್ತು ಪಾದಗಳನ್ನು ಒದ್ದೆ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿ.

3. ಫ್ಯಾನ್ ಹಿಡಿಯಿರಿ. ಗಾಳಿ ಬೀಸದೆ ಬರೀ ನೀರು ಸುರಿದರೆ ಅರ್ಧ ಕೆಲಸ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಕೆಲವೇ ನಿಮಿಷದಲ್ಲಿ ಬಿಸಿಯಾಗಿ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಐಸ್ ತುಂಡನ್ನು ಚರ್ಮಕ್ಕೆ ಒತ್ತಬೇಡಿ.

4. ಎಚ್ಚರವಿದ್ದರೆ ನೀರು ಮುಂದಿಡಿ. ಕುಡಿಯದಿದ್ದರೆ ಬಾಯಿಗೆ ಸುರಿಯಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ.

5. ಎರಡು-ಮೂರು ನಿಮಿಷಕ್ಕೊಮ್ಮೆ ಗುದದ್ವಾರದಲ್ಲಿ ಬಿಸಿ ನೋಡಿ. ನಾಯಿ, ಬೆಕ್ಕಿನಲ್ಲಿ 39.5ಕ್ಕೆ ಇಳಿದೊಡನೆ ನೀರು ನಿಲ್ಲಿಸಿ ಒರೆಸಿ. ಮುಂದುವರಿಸಿದರೆ ಮೈ ಅತಿಯಾಗಿ ತಣ್ಣಗಾಗುತ್ತದೆ.

6. ವೈದ್ಯರಿಗೆ ಫೋನ್ ಮಾಡಿ, ಎಸಿ ಹಾಕಿಕೊಂಡು ಹೊರಡಿ. ಪ್ರಾಣಿ ಚೇತರಿಸಿಕೊಂಡಂತೆ ಕಂಡರೂ ಹೋಗಲೇಬೇಕು. ಮೂತ್ರಪಿಂಡ, ಯಕೃತ್ತು, ರಕ್ತ ಹೆಪ್ಪುಗಟ್ಟುವ ಕ್ರಿಯೆಗೆ ಆದ ಪೆಟ್ಟು ಒಂದರಿಂದ ಮೂರು ದಿನಗಳಲ್ಲಿ ಹೊರಬೀಳಬಹುದು.

ಮೈ ಸುಡುತ್ತಿದೆ ಎಂದು ಜ್ವರದ ಮಾತ್ರೆ ಕೊಡಬೇಡಿ. ಇದು ಜ್ವರವಲ್ಲ, ಮಾತ್ರೆಗೆ ಇಳಿಯದು. ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ, ಅರ್ಧ ಮಾತ್ರೆಯಿಂದಲೂ ಜೀವ ಹೋಗಬಹುದು.

ಎಸಿ ಕೈಕೊಟ್ಟರೆ

ಎಸಿ ಕೆಟ್ಟದ್ದು ಬೆಳಗಿನ 8ಕ್ಕಿಂತ ಮೊದಲಾದರೆ ಕಿಟಕಿಗಳನ್ನು ಇಳಿಸಿ, ಕ್ಯಾರಿಯರ್ ಬಾಗಿಲು ಭದ್ರವಾಗಿದೆಯೇ ನೋಡಿ, ಹತ್ತಿರದ ಊರಿನವರೆಗೆ ಹೋಗಿ ತಂಪಾದ ಕೋಣೆ ಹಿಡಿಯಿರಿ. ಬಿಸಿಲೇರಿದ ಮೇಲಾದರೆ ಮುಂದಕ್ಕೆ ಹೋಗುವ ಯೋಚನೆ ಬಿಡಿ. ಹೊರಗಿನ ಗಾಳಿಯೇ 38 ಡಿಗ್ರಿ ಇದ್ದಾಗ ಕಿಟಕಿ ತೆರೆದರೆ ಬಿಸಿಗಾಳಿಯೇ ಬಡಿಯುತ್ತದೆ. ಪಂಕ್ಚರ್ ಆಗಿ ದಾರಿಯಲ್ಲೇ ನಿಂತರೆ ಕ್ಯಾರಿಯರ್‌ನೊಂದಿಗೆ ಮರದ ಕೆಳಗೆ ಹೋಗಿ, ಕೊಡೆ ಬಿಚ್ಚಿ, ಉಳಿದ ಮಂಜುಗಡ್ಡೆ ಬಾಟಲಿಯ ಹಿಂದೆ ಫ್ಯಾನ್ ಇಟ್ಟು ಆ ಗಾಳಿ ಕ್ಯಾರಿಯರ್ ಕಡೆ ಬರುವಂತೆ ಮಾಡಿ. ಮೈಗೆ ನೀರು ಚಿಮುಕಿಸಿ, ಮೊಲಕ್ಕೆ ಕಿವಿಗೆ ಮಾತ್ರ.

ತಲುಪಿದ ಮೇಲೆ

ನೆಂಟರಿಷ್ಟರು ಮುತ್ತಿಕೊಳ್ಳುವ ಮೊದಲು ಪ್ರಾಣಿಯನ್ನು ಒಂದು ತಂಪು ಕೋಣೆಗೆ ಒಯ್ದು ಬಾಗಿಲು ಹಾಕಿ. ಮೊದಲು ಸ್ವಲ್ಪ ನೀರು, ಒಂದು ಗಂಟೆಯ ನಂತರ ಮಾಮೂಲಿನ ಅರ್ಧದಷ್ಟು ಊಟ. ಬೆಕ್ಕಿಗೆ ಕ್ಯಾರಿಯರ್ ಬಾಗಿಲು ತೆರೆದಿಟ್ಟು, ತಾನಾಗಿ ಬರಲು ಬಿಡಿ. ಹೊಸ ಮನೆಯಲ್ಲಿ ಕನಿಷ್ಠ ಎರಡು ದಿನ ಹೊರಗೆ ಬಿಡಬೇಡಿ. ನಾಯಿಯ ಬೆರಳ ಸಂದು, ಕಿವಿಯೊಳಗೆ ಉಣ್ಣೆ ಇವೆಯೇ ಹುಡುಕಿ, ಪಾದದ ಅಡಿ ಬೊಬ್ಬೆ ಎದ್ದಿದೆಯೇ ನೋಡಿ.

ಮುಂದಿನ ಎರಡು ದಿನ ಮೂತ್ರದ ಬಣ್ಣ ಗಮನಿಸಿ. ಕಾಫಿ ಬಣ್ಣಕ್ಕೆ ತಿರುಗಿದರೆ, ಮಲದಲ್ಲಿ ರಕ್ತ ಕಂಡರೆ, ಮೈಮೇಲೆ ಕಾರಣವಿಲ್ಲದೆ ಕೆಂಪು-ನೇರಳೆ ಚುಕ್ಕೆ ಎದ್ದರೆ ವೈದ್ಯರಲ್ಲಿಗೆ ಹೋಗಿ. ಮೊಲದ ಹಿಕ್ಕೆ ಎಣಿಸುವಂತೆ ನೋಡಬೇಕು: ಹತ್ತು-ಹನ್ನೆರಡು ಗಂಟೆ ಹಿಕ್ಕೆ ಹಾಕದೆ, ಹುಲ್ಲು ಮುಟ್ಟದೆ ಮುದುರಿ ಕೂತಿದ್ದರೆ ಬೆಳಗಾಗಲಿ ಎಂದು ಕಾಯಬಾರದು. ವಾಪಸ್ ಹೊರಡುವ ಮುನ್ನ ಕನಿಷ್ಠ ಮೂರು ದಿನ ವಿಶ್ರಾಂತಿ ಸಿಗಲಿ. ಬರುವಾಗ ಸುಸ್ತಾಗಿ ಮಲಗಿದ್ದ ಪ್ರಾಣಿ ಮೊದಲಿನಂತೆ ತಿಂದು, ಕುಡಿದು, ಆಡುತ್ತಿಲ್ಲವಾದರೆ ರಜೆ, ಕಚೇರಿ ಯಾವುದನ್ನೂ ನೋಡದೆ ದಿನ ಮುಂದೂಡಿ.